ರೊಟ್ಟಿಯ ಪಂಕ್ತಿ

ಜೋಳದ ರೊಟ್ಟಿಯನ್ನು ಉಂಡು ಎದ್ದವನು ಆ ಊಟವನ್ನು ತಾನೊಬ್ಬನೇ ಮುಗಿಸಿದೆನೆಂದು ಎಣಿಸುವುದು ಲೋಕದ ರೂಢಿ. ಶಾಸ್ತ್ರವು ಇದನ್ನು ಒಪ್ಪುವುದಿಲ್ಲ. ರೊಟ್ಟಿಯಲ್ಲಿರುವ ಪಿಷ್ಟದ ಬಹುಭಾಗವನ್ನೂ ಸಸಾರಜನಕದ ಒಂದು ಪಾಲನ್ನೂ ಅವನ ಜಠರವೂ ಸಣ್ಣ ಕರುಳೂ ಕೂಡಿ ಅರಗಿಸುವುದು ದಿಟವೇ. ಆದರೆ ಕಾಳಿನ ಸಿಪ್ಪೆಯ ನಾರು, ಹಿಟ್ಟಿನ ಕಣಗಳನ್ನು ಸುತ್ತಿಕೊಂಡಿರುವ ಗೋಡೆ, ಆರಿದ ರೊಟ್ಟಿಯಲ್ಲಿ ಗಡುಸಾಗಿ ಕುಳಿತ ಪಿಷ್ಟದ ಒಂದಂಶ, ಇವುಗಳ ಮುಂದೆ ಮನುಷ್ಯನ ಪಾಚಕರಸಗಳು ಕೈಸೋತು ನಿಲ್ಲುವುವು. ಇವು ಮುರಿಯದೆ ಕರಗದೆ ಇಳಿದು, ನಾಲ್ಕಾರು ಗಂಟೆಗಳ ತರುವಾಯ ದೊಡ್ಡ ಕರುಳನ್ನು ಸೇರುವುವು. ಅಲ್ಲಿ ಎರಡನೆಯ ಪಂಕ್ತಿಯೊಂದು ಎಲೆ ಹಾಸಿಕೊಂಡು ಕಾದಿರುವುದು. ಆ ಪಂಕ್ತಿಯಲ್ಲಿ ಕುಳಿತವರು ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು. 2016ರಲ್ಲಿ ಇವರ ಸಂಖ್ಯೆಯನ್ನು ಎಚ್ಚರದಿಂದ ಲೆಕ್ಕ ಹಾಕಿದ ಶಾಸ್ತ್ರಜ್ಞರು, ಒಬ್ಬ ಮನುಷ್ಯನ ಮೈಯಲ್ಲಿ ಸುಮಾರು 38 ಲಕ್ಷ ಕೋಟಿ ಎಂದು ಹೇಳಿರುವರು. ಎಲ್ಲರನ್ನೂ ಒಟ್ಟಿಗೆ ತಕ್ಕಡಿಯಲ್ಲಿಟ್ಟರೆ ತೂಕವು ಕಾಲು ಕಿಲೋ ಮುಟ್ಟುವುದಿಲ್ಲ. ಸಂಖ್ಯೆಗಿಂತ ಸೋಜಿಗವಾದುದು ಇವರು ಕೆಲಸ ಮಾಡುವ ರೀತಿ. ಇವರಲ್ಲಿ ಒಬ್ಬನಾದರೂ ನಾರಿನ ತುಣುಕನ್ನು ಮೊದಲಿಂದ ಕಡೆಯ ವರೆಗೆ ತಾನೇ ಅರಗಿಸಿ ಮುಗಿಸುವವನಿಲ್ಲ.

ಈ ಸಂಗತಿಯನ್ನು ವಿಚಾರಿಸುವುದಕ್ಕೆ ಕೂಡ್ಲಿಗಿ ಸೀಮೆಯ ಹೊಸಹಳ್ಳಿಗಿಂತ ತಕ್ಕ ಸ್ಥಳವನ್ನು ಹುಡುಕಬೇಕಾಗಿಲ್ಲ. ಕೆಂಪು ಮಸಾರಿ ನೆಲ, ನಡುನಡುವೆ ಬಂಡೆಗುಡ್ಡಗಳು, ಮಳೆಯನ್ನೇ ನಂಬಿದ ಬೇಸಾಯ. ಜೋಳ, ಸಜ್ಜೆ, ನವಣೆ, ಹುರುಳಿ, ಶೇಂಗಾ, ಈಚೆಗೆ ಹೆಚ್ಚಾಗಿ ಮೆಕ್ಕೆಜೋಳ. ಈ ಸೀಮೆಯು 1953ರ ವರೆಗೆ ಮದರಾಸಿನ ಆಡಳಿತದಲ್ಲಿದ್ದು, ಅನಂತರ ಮೈಸೂರು ರಾಜ್ಯದ ಬಳ್ಳಾರಿ ಜಿಲ್ಲೆಗೆ ಸೇರಿ, 2021ರಿಂದ ವಿಜಯನಗರ ಜಿಲ್ಲೆಯಲ್ಲಿದೆ. ನೆರೆಯ ಹರಪನಹಳ್ಳಿಯಂತೂ 1997ರಲ್ಲಿ ದಾವಣಗೆರೆಗೆ ಹೋಗಿ, 2018ರಲ್ಲಿ ಬಳ್ಳಾರಿಗೆ ಮರಳಿ, ಈಗ ವಿಜಯನಗರದ ಪಾಲಿಗೆ ಬಂದಿದೆ. ಕಚೇರಿಯ ಹಲಗೆಗಳು ಹೀಗೆ ಬದಲಾಗುತ್ತಿದ್ದರೂ ಗಂಗಾಳದಲ್ಲಿ ಬೀಳುವ ಆಹಾರ ಬಹುಕಾಲ ಬದಲಾಗಲಿಲ್ಲ. ಜೋಳದ ಕಾಳು ಮನೆಯವರಿಗೆ, ಜೋಳದ ಸೊಪ್ಪೆ ದನಗಳಿಗೆ, ಎಂಬ ಹಂಚಿಕೆ ಇಲ್ಲಿ ತಲೆತಲಾಂತರದಿಂದ ನಡೆದುಬಂದಿದೆ.

ಮನುಷ್ಯನ ಕರುಳಿನ ಗುಟ್ಟನ್ನು ಅರಿಯಬೇಕಾದವರು ಮೊದಲು ಎತ್ತಿನ ಬಳಿಗೆ ಹೋಗುವುದು ಮೇಲು. ಶಾಸ್ತ್ರಜ್ಞರೂ ಹಾಗೆಯೇ ಹೋದರು. ಬೇಸಗೆಯಲ್ಲಿ ಬಣವೆಯಿಂದ ಹಿರಿದ ಸೊಪ್ಪೆಯನ್ನು ಕೈಯಲ್ಲಿ ಹಿಡಿದು ನೋಡಿದರೆ, ಇದರಲ್ಲಿ ತಿನ್ನತಕ್ಕ ವಸ್ತು ಯಾವುದೆಂದು ಯಾರಿಗಾದರೂ ಸಂಶಯ ಬರುವುದು. ಆದರೂ ಅದನ್ನೇ ತಿಂದ ಎತ್ತು ಮರುದಿನ ಕುಂಟೆ ಎಳೆಯುವುದು. ಎತ್ತಿಗೆ ನಾರನ್ನು ಒಡೆಯುವ ಪಾಚಕರಸವು ಮನುಷ್ಯನಿಗಿಂತ ಹೆಚ್ಚೇನೂ ಇಲ್ಲ. ಅದಕ್ಕಿರುವುದು ಮೊದಲನೆಯ ಹೊಟ್ಟೆಯೆಂಬ ದೊಡ್ಡದೊಂದು ಗುಡಾಣ. ದೊಡ್ಡ ಎತ್ತಿನಲ್ಲಿ ಅದು ನೂರು ಲೀಟರಿಗೂ ಮೇಲೆ ಹಿಡಿಯುವುದು. ಎತ್ತು ಅವಸರದಲ್ಲಿ ಮೇದುದನ್ನು ಅಲ್ಲಿ ತುಂಬಿಟ್ಟು, ದಿನಕ್ಕೆ ಏಳೆಂಟು ಗಂಟೆಗಳ ಕಾಲ ಮತ್ತೆ ಬಾಯಿಗೆ ತಂದು ಮೆಲುಕು ಹಾಕುವುದು. ಆ ಗುಡಾಣದೊಳಗಿನ ರಸದ ಒಂದೊಂದು ಮಿಲಿಲೀಟರಿನಲ್ಲಿಯೂ ಸಾವಿರ ಕೋಟಿಯ ಆಸುಪಾಸು ಬ್ಯಾಕ್ಟೀರಿಯಗಳಿರುವುವು. ಎತ್ತಿಗೆ ಬರುವ ಶಕ್ತಿಯ ಹೆಚ್ಚಿನ ಪಾಲು, ಸುಮಾರು ನೂರಕ್ಕೆ ಎಪ್ಪತ್ತರಷ್ಟು, ಈ ಜೀವಿಗಳು ನಾರನ್ನು ಹುಳಿಯಿಸಿ ಬಿಟ್ಟುಕೊಡುವ ಆಮ್ಲಗಳಿಂದಲೇ ಬರುವುದು.

ಈ ಗುಡಾಣದೊಳಗೆ ಓಡಾಡುವ ಏಕಕೋಶ ಪ್ರಾಣಿಗಳನ್ನು 1843ರಲ್ಲಿ ಗ್ರೂಬಿ ಮತ್ತು ದೆಲಾಫೋ ಎಂಬಿಬ್ಬರು ಫ್ರಾನ್ಸಿನಲ್ಲಿ ಕಂಡರು. ಬ್ಯಾಕ್ಟೀರಿಯಗಳ ಪರಿಚಯವಾಗುವುದಕ್ಕೆ ಇನ್ನೂ ನೂರು ವರ್ಷ ಬೇಕಾಯಿತು. ಅದಕ್ಕೆ ಕಾರಣ ಅವು ಗಾಳಿಯನ್ನು ಸಹಿಸದಿರುವುದು. ಆಮ್ಲಜನಕ ಸೋಕಿದರೆ ಅವು ಸಾಯುವುವಾದುದರಿಂದ, ಪ್ರಯೋಗಶಾಲೆಯ ತಟ್ಟೆಯಲ್ಲಿ ಅವುಗಳನ್ನು ಬೆಳೆಯಿಸಿದವರಿಗೆ ಏನೂ ಕಾಣುತ್ತಿರಲಿಲ್ಲ. ಅಮೆರಿಕದ ರಾಬರ್ಟ್ ಹಂಗೇಟ್ ಎಂಬ ಶಾಸ್ತ್ರಜ್ಞನು ಮೊದಲು ಕಟ್ಟಿಗೆ ತಿನ್ನುವ ಗೆದ್ದಲಿನ ಹೊಟ್ಟೆಯನ್ನು ಪರಿಶೀಲಿಸಿ, ಆಮೇಲೆ ಹಸುವಿನ ಹೊಟ್ಟೆಗೆ ಬಂದನು. ಆಮ್ಲಜನಕವಿಲ್ಲದ ಅನಿಲವನ್ನು ತುಂಬಿ ಮುಚ್ಚಿದ ಗಾಜಿನ ನಳಿಗೆಯ ಒಳಮೈಗೆ ಪೋಷಕದ್ರವವನ್ನು ತೆಳ್ಳಗೆ ಬಳಿದು ಅದರಲ್ಲಿ ಈ ಜೀವಿಗಳನ್ನು ಬೆಳೆಯಿಸುವ ಉಪಾಯವನ್ನು ಕಂಡುಹಿಡಿದವನು ಇವನೇ. 1975ರಲ್ಲಿ ಕಾಲಿನ್ ಆರ್ಪಿನ್ ಎಂಬ ಆಂಗ್ಲ ಶಾಸ್ತ್ರಜ್ಞನು, ಅಷ್ಟು ದಿನವೂ ಏಕಕೋಶ ಪ್ರಾಣಿಗಳೆಂದು ಭಾವಿಸಿದ್ದ ಕೆಲವು ಈಜುವ ಜೀವಿಗಳು ನಿಜವಾಗಿ ಶಿಲೀಂಧ್ರದ ಬೀಜಕಣಗಳೆಂದು ತೋರಿಸಿದನು. ಈ ಶಿಲೀಂಧ್ರಗಳು ಸೊಪ್ಪೆಯ ಗಟ್ಟಿ ಭಾಗದೊಳಕ್ಕೆ ಬೇರು ಬಿಟ್ಟು ಅದನ್ನು ಒಳಗಿನಿಂದ ಸೀಳುವುವು. ಸೀಳಿದ ಸಂದಿಯಲ್ಲಿ ಬ್ಯಾಕ್ಟೀರಿಯಗಳು ನುಗ್ಗುವುವು.

ಈ ಕೂಡುಗೆಲಸವನ್ನು ಒಕ್ಕಲುತನ ಬಲ್ಲವರಿಗೆ ತಿಳಿಯಹೇಳುವುದು ಕಷ್ಟವಲ್ಲ. ಮುಯ್ಯಾಳಿನ ಪದ್ಧತಿ ಎಲ್ಲರಿಗೂ ಗೊತ್ತು. ಈ ದಿನ ಒಬ್ಬನ ಹೊಲದಲ್ಲಿ ಹತ್ತು ಮಂದಿ ಕುಯ್ದರೆ ನಾಳೆ ಅವನು ಅವರ ಹೊಲಕ್ಕೆ ಹೋಗುವನು. ಕುಯ್ಯುವವನೊಬ್ಬ, ಸಿವುಡು ಕಟ್ಟುವವನೊಬ್ಬ, ಹೊರುವವನೊಬ್ಬ, ತೂರುವವನೊಬ್ಬ. ನಾರಿನ ವಿಷಯದಲ್ಲಿಯೂ ಹೀಗೆಯೇ. ನಾರೆಂಬುದು ಒಂದೇ ವಸ್ತುವಲ್ಲ. ಸಕ್ಕರೆಯ ಕಣಗಳನ್ನು ಸಾವಿರಗಟ್ಟಲೆ ಪೋಣಿಸಿ ಹೊಸೆದ ಹಗ್ಗಗಳು ಅದರ ಎಳೆ. ಆ ಹಗ್ಗಗಳನ್ನು ಒಂದಕ್ಕೊಂದು ಬಿಗಿಯುವ ಬೇರೊಂದು ಜಾತಿಯ ಸಕ್ಕರೆಗಳ ಕವಲುಸರಗಳು ಅದರ ಗಾರೆ. ಜೋಳದ ಸಿಪ್ಪೆಯಲ್ಲಿ ಈ ಕವಲುಗಳು ಬಹಳ ದಟ್ಟವಾಗಿರುವುವು. ಒಂದು ಜಾತಿಯ ಜೀವಿಯು ಕವಲನ್ನು ಕತ್ತರಿಸುವುದು, ಇನ್ನೊಂದು ಕಾಂಡವನ್ನು ತುಂಡುಮಾಡುವುದು, ಮತ್ತೊಂದು ಹಗ್ಗವನ್ನು ಬಿಚ್ಚುವುದು. ಬಿಚ್ಚಿದ ಸಕ್ಕರೆಯಲ್ಲಿ ತನಗೆ ಬೇಕಾದುದನ್ನು ತಿಂದು, ಮಿಕ್ಕುದನ್ನು ಸುತ್ತಲಿನವರಿಗೆ ಸೋರಬಿಡುವುದು. ಸೋರಿದುದನ್ನು ತಿಂದವು ಆಮ್ಲಗಳನ್ನು ಬಿಡುವುವು. ಆ ಆಮ್ಲಗಳಲ್ಲೊಂದನ್ನು ತಿಂದು ಬದುಕುವ ಜೀವಿಗಳೂ ಉಂಟು.

ಇದರಲ್ಲಿ ಕಸ ಗುಡಿಸುವವರ ಪಾತ್ರ ಎಷ್ಟು ದೊಡ್ಡದೆಂಬುದು 1967ರಲ್ಲಿ ಒಂದು ತಮಾಷೆಯ ರೀತಿಯಲ್ಲಿ ಬಯಲಾಯಿತು. ಸಾರಾಯದ ಸತ್ವವನ್ನು ತಿಂದು ಮೀಥೇನ್ ಅನಿಲವನ್ನು ಬಿಡುವ ಜೀವಿಯೊಂದನ್ನು ಓಮೆಲಿಯಾನ್‌ಸ್ಕಿ ಎಂಬ ರಷ್ಯನ್ ಪಂಡಿತನ ಹೆಸರಿನಿಂದ ಕರೆದು, ದಶಕಗಳ ಕಾಲ ಪ್ರಯೋಗಶಾಲೆಗಳಲ್ಲಿ ಸಾಕಿಕೊಂಡು ಬಂದಿದ್ದರು. ಬ್ರಯಂಟ್, ವೋಲಿನ್, ವುಲ್ಫ್ ಎಂಬವರು ಅದನ್ನು ಸೂಕ್ಷ್ಮವಾಗಿ ಪರೀಕ್ಷಿಸಲು, ಅದು ಒಂದು ಜೀವಿಯೇ ಅಲ್ಲ, ಎರಡು ಎಂದು ತಿಳಿದುಬಂದಿತು. ಒಂದು ಜೀವಿ ಸಾರಾಯವನ್ನು ಹುಳಿಯಾಗಿ ಮಾರ್ಪಡಿಸಿ ಜಲಜನಕವನ್ನು ಬಿಡುತ್ತಿತ್ತು. ಜಲಜನಕ ಕೂಡಿಕೊಂಡರೆ ಅದರ ಕೆಲಸ ತಾನಾಗಿ ನಿಂತುಹೋಗುತ್ತಿತ್ತು. ಎರಡನೆಯ ಜೀವಿ ಆ ಜಲಜನಕವನ್ನೇ ತಿಂದು ಮೀಥೇನ್ ಮಾಡುತ್ತಿತ್ತು. ಒಂದಕ್ಕೆ ಹೊಲಸು, ಇನ್ನೊಂದಕ್ಕೆ ಅನ್ನ. ಎರಡೂ ಒಂದನ್ನೊಂದು ಬಿಟ್ಟು ಬಾಳಲಾರದ ಹಾಗೆ ಹೊಂದಿಕೊಂಡಿದ್ದುದರಿಂದಲೇ ಪಂಡಿತರ ಕಣ್ಣಿಗೆ ಅವು ಒಂದಾಗಿ ಕಂಡವು. ಎತ್ತು ಮೆಲುಕು ಹಾಕುತ್ತ ತೇಗುವಾಗ ಹೊರಬೀಳುವ ಮೀಥೇನ್ ಈ ಬಗೆಯ ಕಸ ಗುಡಿಸುವವರು ಮಾಡಿದ್ದೇ.

ಕೂಡುಗೆಲಸ ಕೆಟ್ಟರೆ ಆಗುವ ಅನಾಹುತವನ್ನು ಕಣದಲ್ಲಿ ಕಂಡವರು ಮರೆಯುವುದಿಲ್ಲ. ರಾತ್ರಿ ಕಣ್ಣಿ ಬಿಚ್ಚಿಕೊಂಡ ಎತ್ತು ಕಣದಲ್ಲಿಯ ಜೋಳದ ರಾಶಿಗೆ ಬಾಯಿಟ್ಟು ಹೊಟ್ಟೆ ತುಂಬ ಕಾಳು ತಿಂದುಬಿಟ್ಟರೆ, ಬೆಳಗಾಗುವುದರೊಳಗೆ ಮೇವು ಮುಟ್ಟದೆ, ಮೆಲುಕು ಹಾಕದೆ, ಹೊಟ್ಟೆ ಉಬ್ಬಿಸಿಕೊಂಡು ನಿಂತಿರುವುದು. ತಡವಾದರೆ ಬಿದ್ದು ಸಾಯುವುದು. ಕಾಳು ಸೊಪ್ಪೆಗಿಂತ ಉತ್ತಮವಾದ ಆಹಾರವಲ್ಲವೆ, ಅದು ವಿಷವಾದುದು ಹೇಗೆ, ಎಂದು ಯಾರಾದರೂ ಕೇಳಬಹುದು. ಕಾಳಿನ ಪಿಷ್ಟ ಬೇಗ ಕರಗುವುದು. ಅದನ್ನು ಕಂಡೊಡನೆ ಆ ಗುಡಾಣದಲ್ಲಿ ಮೂಲೆಯಲ್ಲಿದ್ದ ಒಂದು ಜಾತಿಯ ಬ್ಯಾಕ್ಟೀರಿಯ ಅಪರಿಮಿತವಾಗಿ ಹೆಚ್ಚಿ, ಮಜ್ಜಿಗೆಯನ್ನು ಹುಳಿ ಮಾಡುವ ಅದೇ ಆಮ್ಲವನ್ನು ಅತಿಯಾಗಿ ಸುರಿಯುವುದು. ಹುಳಿಯ ವೇಗಕ್ಕೆ ನಾರು ಒಡೆಯುವ ನಿಧಾನಗಾರರು ಸತ್ತುಹೋಗುವರು. ಪಶುವೈದ್ಯರು ಹುಳಿಯನ್ನು ಇಳಿಸಿದ ಮೇಲೂ ಕೆಲವು ಸಲ ಎತ್ತು ಮೇವು ಮುಟ್ಟುವುದಿಲ್ಲ. ಆಗ ಅವರು ಆರೋಗ್ಯವಾಗಿರುವ ಇನ್ನೊಂದು ದನದ ಮೊದಲ ಹೊಟ್ಟೆಯ ರಸವನ್ನು ತೆಗೆದು ಇದಕ್ಕೆ ಕುಡಿಸುವುದುಂಟು. ಮೇವನ್ನು ಕೊಟ್ಟರೆ ಸಾಲದು, ಆಳುಗಳನ್ನೂ ಕೊಡಬೇಕು ಎಂಬುದು ಈ ಚಿಕಿತ್ಸೆಯ ಅರ್ಥ. ಮುಂದೆ ಬರುವ ಮಾತಿಗೆ ಇದು ಬೇಕಾಗುವುದು.

ಎತ್ತಿನಂತೆ ಮನುಷ್ಯನು ಸೊಪ್ಪೆ ತಿಂದು ಬದುಕಲಾರನೆಂಬುದನ್ನು ಈ ಸೀಮೆ ಬರಗಾಲದಲ್ಲಿ ಕಲಿತಿದೆ. ಧಾತು ಸಂವತ್ಸರದಲ್ಲಿ, ಎಂದರೆ 1876ರಲ್ಲಿ, ಮೊದಲಾದ ಬರವು ಮದರಾಸು ಪ್ರಾಂತದಲ್ಲಿ ಹೆಚ್ಚು ಪೀಡಿಸಿದ ಜಿಲ್ಲೆಗಳಲ್ಲಿ ಬಳ್ಳಾರಿಯೂ ಒಂದು. 1877ರಲ್ಲಿ ಪರಿಹಾರದ ಕೆಲಸಕ್ಕೆ ಬಂದ ಗಂಡಾಳಿಗೆ ದಿನಕ್ಕೆ ಒಂದು ಪೌಂಡು, ಎಂದರೆ ಸುಮಾರು 450 ಗ್ರಾಮ್ ಧಾನ್ಯವೂ ಸ್ವಲ್ಪ ಕಾಸೂ ಸಾಕೆಂದು ಸರ್ ರಿಚರ್ಡ್ ಟೆಂಪಲ್ ಗೊತ್ತುಮಾಡಿದನು. ಅಷ್ಟು ಆಹಾರದಿಂದ ದುಡಿಯುವ ಜೀವ ಉಳಿಯದೆಂದು ಮದರಾಸಿನ ನೈರ್ಮಲ್ಯಾಧಿಕಾರಿ ಕಾರ್ನಿಷ್ ವಾದಿಸಿದನು. ಅವನ ವಾದವೇ ಸರಿಯಾಗಿತ್ತು. ಮನುಷ್ಯನಲ್ಲಿ ನಾರಿನ ಹುಳಿಯಿಂದ ಬರುವ ಶಕ್ತಿ ನೂರಕ್ಕೆ ಐದರಿಂದ ಹತ್ತರ ವರೆಗೆ ಮಾತ್ರ. ಆದುದರಿಂದ ನಾರಿನ ಗುಣವನ್ನು ಹೊಗಳುವವರು ಅದನ್ನು ಹಸಿವಿನ ಮದ್ದೆಂದು ಹೇಳಲಾಗದು.

ಆದರೆ ಈ ಐದು ಹತ್ತು ಪಾಲಿನ ಬೆಲೆಯನ್ನು ಲೆಕ್ಕದಿಂದ ಅಳೆಯಲಾಗದು. ನಾರನ್ನು ಬಹುಕಾಲ ವೈದ್ಯರು ಕರುಳನ್ನು ಗುಡಿಸುವ ಪೊರಕೆಯೆಂದು ಮಾತ್ರ ತಿಳಿದಿದ್ದರು. ಉಗಾಂಡ ದೇಶದಲ್ಲಿ ಶಸ್ತ್ರವೈದ್ಯನಾಗಿದ್ದ ಡೆನಿಸ್ ಬರ್ಕಿಟ್ಟನು 1970ರ ದಶಕದಲ್ಲಿ, ನಾರುಳ್ಳ ಆಹಾರ ತಿನ್ನುವ ಹಳ್ಳಿಗರಲ್ಲಿ ಪಾಶ್ಚಾತ್ಯರ ಅನೇಕ ಕರುಳುಬೇನೆಗಳು ಅಪೂರ್ವವೆಂದು ಸಾರಿದ ಮೇಲೆ ಪೊರಕೆಗೆ ಗೌರವ ಬಂದಿತು. ಸೂಕ್ಷ್ಮಜೀವಿಗಳ ಕೆಲಸ ತಿಳಿದ ಮೇಲೆ ಅದು ಪೊರಕೆಯಲ್ಲ, ಬುತ್ತಿ ಎಂದಾಯಿತು.

ಹೊಸಹಳ್ಳಿಯ ಊಟದಲ್ಲಿಯೇ ಈ ಬುತ್ತಿ ಯಾರು ಯಾರಿಗೆ ಎಂಬುದನ್ನು ನೋಡಬಹುದು. ರೊಟ್ಟಿಯನ್ನು ತಟ್ಟಿ ಬೇಯಿಸಿ ಮರುದಿನಕ್ಕೆ ಇಟ್ಟರೆ, ಬೆಂದು ಅರಳಿದ್ದ ಪಿಷ್ಟದಲ್ಲಿ ಒಂದು ಭಾಗವು ಆರುತ್ತ ಆರುತ್ತ ಮತ್ತೆ ಒತ್ತಾಗಿ ಹೆಣೆದುಕೊಳ್ಳುವುದು. ಈ ಗಡುಸು ಪಿಷ್ಟಕ್ಕೆ ಮನುಷ್ಯನ ಪಾಚಕರಸ ತಾಗುವುದಿಲ್ಲ. ಸ್ಕಾಟ್ಲೆಂಡಿನ ಶಾಸ್ತ್ರಜ್ಞರು 2012ರಲ್ಲಿ ತೋರಿಸಿದ ಪ್ರಕಾರ, ರೂಮಿನೊಕಾಕಸ್ ಬ್ರೋಮಿ ಎಂಬ ಜೀವಿಯು ಇಂಥ ಪಿಷ್ಟದ ಮುಂದಾಳು. ಅದು ಮೊದಲು ಒಡೆದರೆ ತಾನೇ ಉಳಿದವಕ್ಕೆ ತುತ್ತು. ಆ ಜೀವಿ ಇಲ್ಲದವರ ಮಲದ ಮಾದರಿಯಲ್ಲಿ ಗಡುಸು ಪಿಷ್ಟವು ಹಾಗೆಯೇ ಉಳಿಯುತ್ತಿತ್ತು. ಹೊರಗಿನಿಂದ ಅದನ್ನು ಸೇರಿಸಿದೊಡನೆ ಕರಗತೊಡಗಿತು. ಪಿಷ್ಟ ಒಡೆಯಬಲ್ಲ ಬೇರೆ ಜಾತಿಗಳನ್ನು ಸೇರಿಸಿದಾಗ ಹಾಗಾಗಲಿಲ್ಲ. ಊರಿನ ಯಜಮಾನನಂತೆ ಒಬ್ಬನು ಬಾರದೆ ಕೆಲಸ ಮೊದಲಾಗುವುದಿಲ್ಲ.

ರೊಟ್ಟಿಯ ಜೊತೆಗೆ ಹಸಿಯಾಗಿ ಕಡಿಯುವ ಉಳ್ಳಾಗಡ್ಡಿಯ ಕಥೆ ಇನ್ನೂ ವಿಚಿತ್ರ. ಅದರಲ್ಲಿರುವ ಒಂದು ಬಗೆಯ ನಾರು ಇನ್ಯುಲಿನ್ ಎಂಬ ಸರದ ಕುಲಕ್ಕೆ ಸೇರಿದ್ದು. 2016ರಲ್ಲಿ ಪ್ರಕಟವಾದ ಒಂದು ಸಂಶೋಧನೆಯಲ್ಲಿ, ಬ್ಯಾಕ್ಟೀರಾಯ್ಡಿಸ್ ಓವೇಟಸ್ ಎಂಬ ಜೀವಿಯು ಇನ್ಯುಲಿನ್ನನ್ನು ತನ್ನ ಮೈಯ ಹೊರಗೆ ಒಡೆಯುವ ರಸವನ್ನು ಖರ್ಚುಮಾಡಿ ಬಿಡುವುದೆಂದೂ, ತನ್ನ ಹೊಟ್ಟೆಗೆ ಆ ರಸದ ಅಗತ್ಯವೇ ಇಲ್ಲವೆಂದೂ ಗೊತ್ತಾಯಿತು. ಒಡೆದ ತುಣುಕುಗಳನ್ನು ತಿಂದು ಬೆಳೆಯುವುದು ನೆರೆಯ ಇನ್ನೊಂದು ಜಾತಿ. ಹಾಗಾದರೆ ಈ ದಾನಕ್ಕೆ ಕಾರಣವೇನು? ನೆರೆಯ ಆ ಜಾತಿಯು ಬೆಳೆದಲ್ಲಿ ಓವೇಟಸ್ಸೂ ಮೊದಲಿಗಿಂತ ಚೆನ್ನಾಗಿ ಬೆಳೆಯುವುದು. ಮುಯ್ಯಿಗೆ ಮುಯ್ಯಿ.

ಈ ಕೂಡುಗೆಲಸದ ಕೊನೆಯಲ್ಲಿ ಮನುಷ್ಯನಿಗೆ ಸಲ್ಲುವ ಪಾಲು ಮೂರು ಆಮ್ಲಗಳು. ಅವುಗಳಲ್ಲಿ ಬ್ಯುಟಿರಿಕ್ ಆಮ್ಲವನ್ನು ದೊಡ್ಡ ಕರುಳಿನ ಒಳಮೈಯ ಕಣಗಳು ಒಡನೆಯೇ ಹೀರಿ ಉರಿಸಿ, ತಮಗೆ ಬೇಕಾದ ಶಕ್ತಿಯ ಮುಕ್ಕಾಲಿಗೆ ಸಮೀಪವಾದ ಭಾಗವನ್ನು ಅದರಿಂದಲೇ ಪಡೆಯುವುವು. ಹೀಗೆ ಉರಿಸುವಾಗ ಅವು ರಕ್ತದಿಂದ ಬಂದ ಆಮ್ಲಜನಕವನ್ನು ಬಳಸಿಬಿಡುವುದರಿಂದ ಅದು ಕರುಳಿನೊಳಕ್ಕೆ ಸೋರುವುದಿಲ್ಲ. ಆಮ್ಲಜನಕ ಸೋಕಿದರೆ ಸಾಯುವ ಆ ಜೀವಿಗಳಿಗೆ ಇದಕ್ಕಿಂತ ದೊಡ್ಡ ಉಪಕಾರವಿಲ್ಲ. ನಾರು ಬಾರದೆ ಹೋದರೆ ಈ ಒಪ್ಪಂದ ಸಡಿಲವಾಗುವುದು. ಹಸಿದ ಜೀವಿಗಳಲ್ಲಿ ಕೆಲವು ಕರುಳಿನ ಗೋಡೆಯನ್ನು ಕಾಯುವ ಲೋಳೆಯನ್ನೇ ಮೇಯತೊಡಗುವುದನ್ನು 2016ರಲ್ಲಿ ಇಲಿಗಳಲ್ಲಿ ಕಂಡಿರುವರು.

ಇಷ್ಟು ಶಾಸ್ತ್ರವನ್ನು ಹೊಸಹಳ್ಳಿಯ ಒಂದು ಒಕ್ಕಲು ಮನೆಯ ಒಳಗೆ ತಂದು ನೋಡಬೇಕು. ಆ ಮನೆಯಲ್ಲಿ ಎಂಬತ್ತರ ಸಮೀಪದ ಅಜ್ಜಿ, ಅವಳ ಮೊಮ್ಮಗ, ಅವನ ಹೆಂಡತಿ, ಒಂದು ಕೂಸು. ಮಳೆ ಕೈಕೊಟ್ಟ ವರ್ಷ ಮೊಮ್ಮಗನು ಬೆಂಗಳೂರಿಗೆ ಕಟ್ಟಡದ ಕೆಲಸಕ್ಕೆ ಹೋಗಿ ಮೂರು ವರ್ಷ ಹೋಟೆಲಿನ ಅನ್ನ, ಇಡ್ಲಿ, ಬನ್ನುಗಳಲ್ಲಿ ಕಾಲ ಕಳೆದನು. ಮಲಬದ್ಧತೆ ಅವನಿಗೆ ಅಭ್ಯಾಸವೇ ಆಗಿಹೋಯಿತು. ಊರಿಗೆ ಮರಳಿದ ಮೊದಲ ದಿನ ನಾಲ್ಕು ರೊಟ್ಟಿ, ಹುರುಳಿಕಾಳಿನ ಪಲ್ಯ, ಎರಡು ಉಳ್ಳಾಗಡ್ಡಿ ತಿಂದು, ರಾತ್ರಿಯೆಲ್ಲ ಹೊಟ್ಟೆ ಹಿಡಿದುಕೊಂಡು ಹೊರಳಾಡಿದನು. ಬೆಳಿಗ್ಗೆ ಹೆಂಡತಿಗೆ, "ನಾಳೆಯಿಂದ ಅನ್ನಾನೇ ಮಾಡು, ರೊಟ್ಟಿ ನನಗ ಒಗ್ಗಲ್ಲ" ಎಂದು ಆಜ್ಞೆಯಾಯಿತು. ಗಂಡನೊಬ್ಬನಿಗೆ ಅನ್ನ, ಉಳಿದವರಿಗೆ ರೊಟ್ಟಿ, ಎಂದು ಎರಡು ಅಡಿಗೆ ಮಾಡಲು ಅವಳಿಗೆ ಪುರುಸೊತ್ತಿಲ್ಲ. ಪಡಿತರದ ಅಕ್ಕಿ ಮನೆಯಲ್ಲಿದೆ. ರೊಟ್ಟಿ ಬಡಿಯುವುದು ಉರಿಯ ಮುಂದೆ ಒಂದು ಗಂಟೆಯ ದುಡಿಮೆ. ಅದನ್ನು ಬಿಟ್ಟಳೆಂದು ಅವಳನ್ನು ಆಕ್ಷೇಪಿಸುವವರು ಒಂದು ದಿನವಾದರೂ ಆ ಹಂಚಿನ ಮುಂದೆ ಕುಳಿತು ನೋಡಲಿ.

ಹಲ್ಲಿಲ್ಲದ ಅಜ್ಜಿ ತಂಗಳ ರೊಟ್ಟಿಯನ್ನು ಮಜ್ಜಿಗೆಯಲ್ಲಿ ನೆನೆಯಿಸಿ ಉಣ್ಣುವವಳು. ಅವಳು ಕೇಳಿದಳು: "ಅಲ್ಲಪ್ಪಾ, ನಿಮ್ಮಜ್ಜ ತಿಂದ, ನಿಮ್ಮಪ್ಪ ತಿಂದ, ನೀನೂ ಅದನ್ನ ತಿಂದೇ ಬೆಳೆದಿ. ಮೂರು ವರ್ಷಕ್ಕೆ ನಿನ್ನ ಹೊಟ್ಟೆ ಬೇರೆಯವರ ಹೊಟ್ಟೆ ಆತೇನು?" ಮೊಮ್ಮಗನು ನಕ್ಕು ಸುಮ್ಮನಾದನು. ಅಜ್ಜಿಯದು ಗದರಿಕೆಯ ಮಾತು. ಆದರೆ ಶಾಸ್ತ್ರ ಬಲ್ಲವನು ಅದಕ್ಕೆ ಕೊಡಬೇಕಾದ ಉತ್ತರ, ಹೌದು, ಒಂದು ಮಟ್ಟಿಗೆ ಆಗಿದೆ ಎಂಬುದೇ. ಮೂರು ವರ್ಷ ಬುತ್ತಿ ಬಾರದ ಆಳುಗಳು ಎಷ್ಟೋ ಮಂದಿ ಕಡಮೆಯಾಗಿ ಮೂಲೆ ಸೇರಿರುವರು. ಅಂಥ ಕರುಳಿಗೆ ಒಮ್ಮೆಲೇ ನಾಲ್ಕು ರೊಟ್ಟಿಯ ನಾರೂ ಹುರುಳಿಯ ಸಕ್ಕರೆಗಳೂ ಬಂದು ಬಿದ್ದರೆ, ವೇಗದ ಕೆಲಸಗಾರರು ಮೊದಲು ನುಗ್ಗಿ ಅನಿಲವನ್ನು ತುಂಬುವರು. ಅದನ್ನು ಖರ್ಚುಮಾಡುವ ಕಸ ಗುಡಿಸುವವರು ಇನ್ನೂ ಅಷ್ಟಾಗಿ ಹೆಚ್ಚಿರುವುದಿಲ್ಲ. ಕಣದ ಎತ್ತಿನ ಕಥೆಗೂ ಇದಕ್ಕೂ ದೂರದ ನಂಟು. ಆದರೆ ಎತ್ತಿನಂತೆ ಇದು ಪ್ರಾಣಾಪಾಯವಲ್ಲ. ದಿನಕ್ಕಿಷ್ಟಿಷ್ಟೇ ಹೆಚ್ಚಿಸುತ್ತ ಹೋದರೆ ಎರಡು ಮೂರು ವಾರಗಳಲ್ಲಿ ಉಬ್ಬರ ಬಹುಮಟ್ಟಿಗೆ ಇಳಿಯುವುದು. ಕರುಳಿನ ರೋಗವಿರುವವರ ಮಾತು ಬೇರೆ. ಅವರು ವೈದ್ಯರನ್ನು ಕೇಳಿ ನಡೆಯತಕ್ಕದ್ದು.

ರೊಟ್ಟಿಗೂ ಬಿಳಿಯ ಅನ್ನಕ್ಕೂ ಇರುವ ಅಂತರವನ್ನು ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಕೋಷ್ಟಕದಲ್ಲಿ ನೋಡಬಹುದು. ನೂರು ಗ್ರಾಮ್ ಜೋಳದಲ್ಲಿ ನಾರು ಸುಮಾರು 10 ಗ್ರಾಮ್. ಸಜ್ಜೆಯಲ್ಲಿಯೂ ರಾಗಿಯಲ್ಲಿಯೂ ಇನ್ನೂ ತುಸು ಹೆಚ್ಚು. ಪಾಲಿಷ್ ಮಾಡಿದ ಅಕ್ಕಿಯಲ್ಲಿ 3 ಗ್ರಾಮಿಗೂ ಕಡಮೆ. 2013ರ ಜುಲೈಯಲ್ಲಿ ಮೊದಲಾದ ಅನ್ನಭಾಗ್ಯದ ಅಕ್ಕಿ ಈ ಸೀಮೆಯ ಬಡವರ ಹಸಿವನ್ನು ತಡೆಯಿತೆಂಬುದರಲ್ಲಿ ಸಂಶಯವಿಲ್ಲ. ಧಾತು ಸಂವತ್ಸರವನ್ನು ನೆನೆದವರು ಅದನ್ನು ಹಗುರವಾಗಿ ಆಡುವುದಿಲ್ಲ. ಆದರೂ ಅಕ್ಕಿಯ ಹಿಂದೆಯೇ ಜೋಳದ ಹೊಲಗಳಲ್ಲಿ ಮೆಕ್ಕೆಜೋಳವು ಕೋಳಿಯ ಆಹಾರಕ್ಕೂ ಪೇಟೆಗೂ ಬೆಳೆದು ನಿಂತಿತು. ಮನೆಯ ಗುಡಾಣದಲ್ಲಿ ಜೋಳ ಕಡಮೆಯಾದಂತೆ ಕರುಳಿನ ಪಂಕ್ತಿಯಲ್ಲಿ ಎಲೆಗಳೂ ಕಡಮೆಯಾದವು.

ಒಬ್ಬನ ಕರುಳಿನಲ್ಲಿ ಕಡಮೆಯಾದುದು ಮತ್ತೆ ಹೆಚ್ಚಬಹುದು. ತಲೆಮಾರುಗಳ ಮೇಲೆ ತಲೆಮಾರು ಹಾಗೆಯೇ ಕಳೆದರೆ ಏನಾಗುವುದೆಂಬ ಪ್ರಶ್ನೆಯನ್ನು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಶಾಸ್ತ್ರಜ್ಞರು ಇಲಿಗಳ ಮೇಲೆ ಪರೀಕ್ಷಿಸಿ 2016ರಲ್ಲಿ ಪ್ರಕಟಿಸಿದರು. ಮನುಷ್ಯನ ಕರುಳಿನ ಜೀವಿಗಳನ್ನು ಇಲಿಗಳಲ್ಲಿ ನೆಲೆಗೊಳಿಸಿ, ಅವುಗಳಿಗೆ ನಾರಿಲ್ಲದ ಆಹಾರ ಕೊಟ್ಟರು. ಮೊದಲ ತಲೆಮಾರಿನಲ್ಲಿ ಜೀವಿಗಳ ಜಾತಿಗಳು ಕುಗ್ಗಿದರೂ ನಾರನ್ನು ಮತ್ತೆ ಕೊಟ್ಟಾಗ ಬಹುಪಾಲು ತಿರುಗಿ ಬಂದವು. ಆದರೆ ತಾಯಿಯಿಂದ ಮರಿಗೆ, ಆ ಮರಿಯಿಂದ ಅದರ ಮರಿಗೆ ಹೋಗುತ್ತ ಹೋಗುತ್ತ, ಒಂದೊಂದು ತಲೆಮಾರಿಗೂ ಮತ್ತಷ್ಟು ಜಾತಿಗಳು ಉದುರಿದವು. ನಾಲ್ಕನೆಯ ತಲೆಮಾರಿಗೆ ನಾರನ್ನು ಹೊಟ್ಟೆತುಂಬ ಕೊಟ್ಟರೂ ಹೋದವು ಬರಲಿಲ್ಲ. ನಾರನ್ನೂ ಕೊಟ್ಟು, ಕಳೆದುಹೋದ ಜೀವಿಗಳನ್ನೂ ಹೊರಗಿನಿಂದ ಸೇರಿಸಿದಾಗ ಮಾತ್ರ ಪಂಕ್ತಿ ಮತ್ತೆ ಕೂಡಿತು. ಪಶುವೈದ್ಯರು ಎತ್ತಿಗೆ ಮಾಡುವ ಚಿಕಿತ್ಸೆಯೇ ಇದು. ಇಲಿಯ ಮಾತನ್ನು ಹಾಗೆಯೇ ಮನುಷ್ಯನಿಗೆ ಅನ್ವಯಿಸುವುದು ಅವಸರವಾದೀತು. ಮನುಷ್ಯರು ಪಂಜರದೊಳಗೆ ಬೇರೆಬೇರೆಯಾಗಿ ಬಾಳುವವರಲ್ಲ.

ಅನ್ವಯಿಸದೆ ಬಿಡುವುದಕ್ಕೂ ಆಗದಂಥ ಇನ್ನೊಂದು ಸಂಗತಿ 2024ರಲ್ಲಿ ಹೊರಬಿದ್ದಿತು. ಇಸ್ರೇಲಿನ ಬೆನ್ ಗುರಿಯೋನ್ ವಿಶ್ವವಿದ್ಯಾಲಯದ ಇಟ್ಜಾಕ್ ಮಿಜ್ರಾಹಿ ಮತ್ತು ಅವರ ಸಂಗಡಿಗರು, ನಾರಿನ ಎಳೆಯಾದ ಆ ಬಿಗಿ ಹಗ್ಗವನ್ನೇ ಒಡೆಯಬಲ್ಲ ರೂಮಿನೊಕಾಕಸ್ ಕುಲದ ಜೀವಿಗಳನ್ನು ಮನುಷ್ಯನ ಕರುಳಿನಲ್ಲಿ ಗುರುತಿಸಿದರು. ಬೇಟೆಯಾಡಿ ಬಾಳುವ ಜನಗಳಲ್ಲಿಯೂ ಹಳ್ಳಿಗಾಡಿನ ಜನರಲ್ಲಿಯೂ ಅವು ಇದ್ದವು. ಸಾವಿರ ವರ್ಷಕ್ಕೂ ಹಿಂದಿನ ಒಣಗಿದ ಮಲದಲ್ಲಿಯೂ ಅವುಗಳ ಗುರುತು ದೊರೆಯಿತು. ಯಂತ್ರನಾಗರಿಕತೆಯ ನಗರವಾಸಿಗಳಲ್ಲಿ ಮಾತ್ರ ಅವು ಅಪರೂಪ. ಈ ಜೀವಿಗಳಲ್ಲಿ ಕೆಲವು ಮೊದಲು ಮೆಲುಕು ಹಾಕುವ ಪಶುಗಳ ಹೊಟ್ಟೆಯಲ್ಲಿದ್ದು, ಮನುಷ್ಯನು ದನಗಳನ್ನು ಸಾಕತೊಡಗಿದ ಕಾಲದಲ್ಲಿ ಅವನ ಕರುಳಿಗೆ ದಾಟಿರಬಹುದೆಂದು ಅವರ ಊಹೆ. ಈ ಸೀಮೆಯ ಹಳೆಯ ಮನೆಗಳನ್ನು ಕಂಡವರಿಗೆ ಈ ಊಹೆ ಅಸಂಭಾವ್ಯವೆನಿಸದು. ಬಾಗಿಲು ದಾಟಿದೊಡನೆ ದನದ ಕಟ್ಟು, ಗೋದಲಿ. ಅದರ ಮೇಲೆ ಎರಡು ಮೆಟ್ಟಿಲೆತ್ತರದಲ್ಲಿ ಮನೆಯವರು ಉಣ್ಣುವ ಮಲಗುವ ಪಡಸಾಲೆ. ಎತ್ತುಗಳ ಉಸಿರೂ ಮಕ್ಕಳ ಉಸಿರೂ ಅಲ್ಲಿ ಒಂದೇ ಗಾಳಿಯಲ್ಲಿ ಬೆರೆಯುತ್ತಿದ್ದವು. ಟ್ರ್ಯಾಕ್ಟರ್ ಬಂದ ಮೇಲೆ ಎಷ್ಟೋ ಮನೆಗಳಲ್ಲಿ ಆ ಕಟ್ಟು ಬರಿದಾಗಿದೆ.

ಮನುಷ್ಯನ ಕೂಸು ಈ ಆಳುಗಳನ್ನು ತನ್ನ ಸಂಗಡ ತರುವುದಿಲ್ಲ. ಮೊದಲನೆಯ ಕೂಟವನ್ನು ಅದು ಹೆರಿಗೆಯ ಹೊತ್ತಿನಲ್ಲಿ ತಾಯಿಯಿಂದಲೇ ಪಡೆಯುವುದು. ತಾಯಿಯ ಹಾಲಿನಲ್ಲಿ ಕೂಸು ಅರಗಿಸಲಾರದ ಒಂದು ಜಾತಿಯ ಸಕ್ಕರೆಸರಗಳು ಹೇರಳವಾಗಿರುವುವು. ಅರಗದ ವಸ್ತುವನ್ನು ತಾಯಿಯ ಮೈ ಅಷ್ಟು ಶ್ರಮಪಟ್ಟು ಏಕೆ ಮಾಡಬೇಕೆಂದು ಶಾಸ್ತ್ರಜ್ಞರು ಬಹುದಿನ ಬೆರಗಾಗಿದ್ದರು. ಅದು ಕೂಸಿಗಲ್ಲ, ಕೂಸಿನ ಕರುಳಿನಲ್ಲಿ ಆಗತಾನೆ ಬಂದು ಕುಳಿತ ಜೀವಿಗಳಿಗೆ ಬಡಿಸಿದ ಎಲೆ. ಹಾಲು ಬಿಡಿಸಿ ಕಾಳುಕಡಿ ತಿನ್ನಿಸತೊಡಗಿದ ಮೇಲೆ ಹೊಸಬರು ಬರುವರು. ಅಮೆಜಾನಿನ ಕಾಡಿನವರು, ಮಲಾವಿಯ ಹಳ್ಳಿಗರು, ಅಮೆರಿಕದ ನಗರವಾಸಿಗಳು, ಈ ಮೂರು ಜನರನ್ನು ಹೋಲಿಸಿ 2012ರಲ್ಲಿ ಪ್ರಕಟಿಸಿದ ಸಂಶೋಧನೆಯ ಪ್ರಕಾರ, ಮಗುವಿಗೆ ಸುಮಾರು ಮೂರು ವರ್ಷ ತುಂಬುವಷ್ಟರಲ್ಲಿ ಪಂಕ್ತಿಯು ದೊಡ್ಡವರ ಪಂಕ್ತಿಯ ರೂಪಕ್ಕೆ ಬಂದು ನಿಲ್ಲುವುದು.

ಹೊಸಹಳ್ಳಿಯ ಆ ಮನೆಯಲ್ಲಿ ಮೊಮ್ಮಗನ ಆಜ್ಞೆ ಪೂರ್ತಿಯಾಗಿ ನಡೆಯಲಿಲ್ಲ. ಅಜ್ಜಿಯು, "ದಿನಾ ಅರ್ಧ ರೊಟ್ಟಿ ತಿನ್ನು, ಮಜ್ಜಿಗೀಗೆ ಕಿವುಚಿ ತಿನ್ನು, ಕಾಳಿನ ಪಲ್ಯ ಆಮ್ಯಾಲೆ ನೋಡೋಣು" ಎಂದು ಒಪ್ಪಂದ ಮಾಡಿದಳು. ಹೆಂಡತಿ ದಿನಬಿಟ್ಟು ದಿನ ರೊಟ್ಟಿ ಬಡಿಯುತ್ತಾಳೆ. ನಡುವಿನ ದಿನ ಹಿಂದಿನ ದಿನದ ರೊಟ್ಟಿಯೇ ಸಾಕೆಂದು ಅಜ್ಜಿಯ ವಾದ. ತಿಂಗಳು ಕಳೆಯುವುದರೊಳಗೆ ಮೊಮ್ಮಗನು ಎರಡು ರೊಟ್ಟಿಗೆ ಬಂದನು. ಅವನು ಮುಂದಿನ ಮಳೆಗಾಲದ ವರೆಗೆ ಊರಿನಲ್ಲಿರುವನೋ ಮತ್ತೆ ಬೆಂಗಳೂರಿಗೆ ಹೋಗುವನೋ ಇನ್ನೂ ನಿಶ್ಚಯವಿಲ್ಲ. ಹೋದರೆ ಹೆಂಡತಿಯನ್ನೂ ಕೂಸನ್ನೂ ಕರೆದುಕೊಂಡೇ ಹೋಗುವ ಮಾತಿದೆ. ಕೂಸಿಗೆ ಈಗ ಒಂದೂವರೆ ವರ್ಷ. ಅಜ್ಜಿ ರೊಟ್ಟಿಯ ನಡುವಿನ ಮೆತ್ತನೆಯ ಭಾಗವನ್ನು ಹಾಲಿನಲ್ಲಿ ನುರಿದು ಅದರ ಬಾಯಿಗಿಡುತ್ತಾಳೆ. ಅದು ಅರ್ಧ ನುಂಗಿ ಅರ್ಧ ಉಗಿಯುತ್ತದೆ.